ಭಾವನ ಸೂತ್ರ

ಕಟ್ಟುಹಲ್ಲು ಮಾಡುವ ಆ ಲ್ಯಾಬಿನಲ್ಲಿ ಅವಳನ್ನು ಎಲ್ಲರೂ ಅಚ್ಚಕ್ಕ ಎಂದೇ ಕರೆಯುತ್ತಿದ್ದರು. ದಂತವೈದ್ಯರು ರೋಗಿಗಳ ಬಾಯಿಂದ ತೆಗೆದು ಕಳಿಸುವ ಅಚ್ಚಿಗೆ ಪ್ಲಾಸ್ಟರ್ ಹುಯ್ದು, ಒಸಡಿನ ಆಕಾರ ಎಬ್ಬಿಸಿ, ಅದರ ಮೇಲೆ ಮೇಣದಲ್ಲಿ ಹಲ್ಲು ಕೂರಿಸುವುದು ಅವಳ ಕೆಲಸ. ಉದ್ದನೆಯ ಒಂದೇ ಕೋಣೆ. ಕಿಟಕಿಯ ಕಡೆ ಅವಳ ಮೇಜು, ಗೋಡೆಯ ಕಡೆ ಪಾಲಿಶ್ ಯಂತ್ರ. ಆ ಯಂತ್ರದ ಮುಂದೆ ಕೂರುವವನಿಗೆ ಪಾಲಿಶ್ ಮಾವ ಎಂದು ಹೆಸರು ಬಿದ್ದಿತ್ತು. ತಲೆಯಿಂದ ಕಾಲಿನವರೆಗೆ ಬಿಳಿ ಪುಡಿ ಮೆತ್ತಿಕೊಂಡಿರುತ್ತಿದ್ದ ಅವನು ತನ್ನ ಮಾತಿಗೆ ಮಾತ್ರ ಯಾವ ಪಾಲಿಶನ್ನೂ ಹಾಕುತ್ತಿರಲಿಲ್ಲ.

ವರ್ಷದ ಆರಂಭದಲ್ಲಿ ಒಂದು ಮಧ್ಯಾಹ್ನ ಯಜಮಾನರು ಅವಳ ಮೇಜಿನ ಬಳಿ ಸ್ಟೂಲ್ ಎಳೆದುಕೊಂಡು ಕೂತರು. ಅವರ ಬಲಗೈ ಕೆಲವು ತಿಂಗಳಿಂದ ನಡುಗುತ್ತಿತ್ತು. ಅದನ್ನು ಎಡಗೈಯಿಂದ ಅದುಮಿ ಹಿಡಿದುಕೊಂಡೇ ಮಾತಾಡಿದರು.

"ನನ್ನ ಕೈ ಇನ್ನು ನನ್ನ ಮಾತು ಕೇಳಲ್ಲ ಕಣಮ್ಮ. ಲ್ಯಾಬು ಮಾರ್ತೀನಿ. ದೊಡ್ಡ ಕಂಪನಿಯವರು ಕೇಳ್ತಿದಾರೆ. ಅವರು ಯಂತ್ರ ತಗೋತಾರೆ, ಜನರನ್ನ ತಗೊಳಲ್ಲ. ನೀನು ತಗೊಳೋದಾದ್ರೆ ಬೆಲೆ ಇಳಿಸ್ತೀನಿ. ಆದ್ರೆ ವರ್ಷದ ಕೊನೆವರೆಗೆ ಮಾತ್ರ ಕಾಯ್ತೀನಿ, ಆಮೇಲೆ ನನ್ನನ್ನ ಬೈಕೋಬೇಡ."

ಅಚ್ಚಕ್ಕ ಮನಸ್ಸಿನಲ್ಲೇ ಲೆಕ್ಕ ಹಾಕಿದಳು. ಗಂಡ ತೀರಿಹೋದ ಮೇಲೆ ಅವಳೂ ಅತ್ತೆಯೂ ಕೈ ಬಿಗಿಹಿಡಿದು ಬದುಕಿದ್ದರು. ಬೆಲೆಯ ಅರ್ಧಕ್ಕಿಂತ ಹೆಚ್ಚು ಅವಳ ಉಳಿತಾಯದಲ್ಲೇ ಇತ್ತು. ಉಳಿದದ್ದಕ್ಕೆ ಬ್ಯಾಂಕು ಇದ್ದೇ ಇದೆಯಲ್ಲ ಎಂದುಕೊಂಡಳು. ಯಾರಿಗೂ ಒಂದು ಪೈಸೆ ಬಾಕಿ ಉಳಿಸಿಕೊಳ್ಳದ ತನಗೆ ಯಾರು ತಾನೇ ಇಲ್ಲ ಎನ್ನುತ್ತಾರೆ?

ಬ್ಯಾಂಕಿನ ಅಧಿಕಾರಿ ಕೀಲಿಮಣೆ ಕುಟ್ಟಿದ. ತೆರೆಯನ್ನು ಅವಳಿಗೆ ಕಾಣದ ಹಾಗೆ ಸ್ವಲ್ಪ ತಿರುಗಿಸಿಕೊಂಡ.

"ಸ್ಕೋರ್ ಸಾಲದು ಮೇಡಂ."

"ಸ್ಕೋರ್ ಅಂದ್ರೆ?"

"ಸಾಲ ಕೊಟ್ರೆ ನೀವು ವಾಪಸ್ ಕಟ್ತೀರೋ ಇಲ್ವೋ ಅಂತ ಒಂದು ಅಂಕ ಇರುತ್ತೆ. ನಿಮ್ಮದು ಕಮ್ಮಿ ಇದೆ."

"ನಾನು ಸಾಲಾನೇ ಮಾಡಿಲ್ವಲ್ಲ. ಯಾಕೆ ಕಮ್ಮಿ?"

"ನಮಗೂ ಗೊತ್ತಿಲ್ಲ. ಅಂಕ ಹಾಕೋದು ನಾವಲ್ಲ, ಅದಕ್ಕೇ ಅಂತ ಬೇರೆ ಕಂಪನಿ ಇದೆ. ಅಲ್ಲಿಂದ ಬಂದದ್ದನ್ನ ನಾವು ನೋಡ್ತೀವಿ, ಅಷ್ಟೆ."

ಇನ್ನೊಂದು ಬ್ಯಾಂಕಿಗೆ ಹೋದಳು. ಅಲ್ಲಿಯೂ ಇದೇ ಮಾತು. ಮೂರನೆಯ ಕಡೆ ಕೂತಿದ್ದ ಹುಡುಗಿ ಒಳ್ಳೆಯವಳು; ದನಿ ತಗ್ಗಿಸಿ ಹೇಳಿದಳು: "ಹೀಗೆ ಎಲ್ಲ ಕಡೆ ಹೋಗಿ ಕೇಳ್ಬೇಡಿ ಆಂಟಿ. ನೀವು ಕೇಳಿದಷ್ಟೂ ಅಂಕ ಇಳಿಯುತ್ತೆ. ಮೊದಲ ಸಲಕ್ಕಿಂತ ಈಗ ಇನ್ನೂ ಇಳಿದಿದೆ ನೋಡಿ."

ಮನೆಗೆ ಬಂದು ಹೇಳಿದಾಗ ಅತ್ತೆ ಕೈಯಲ್ಲಿದ್ದ ಲೋಟವನ್ನು ಕುಕ್ಕಿ ಇಟ್ಟಳು.

"ಕೇಳಿದ್ದಕ್ಕೇ ಅಂಕ ಇಳಿಸ್ತಾರಾ? ಹಾಗಾದ್ರೆ ಕೊಟ್ರೆ ಏನು ಗತಿಯೋ! ನಿನ್ನ ಅಕ್ಕನ ಗಂಡ ಅದೇ ಥರದ ಯಾವುದೋ ಕಂಪನೀಲಿ ಇದಾನಲ್ಲ, ಅವನನ್ನ ಕೇಳು. ನೆಂಟಸ್ತಿಕೆ ಅನ್ನೋದು ಒಂದು ಸಲವಾದ್ರೂ ಉಪಯೋಗಕ್ಕೆ ಬರಲಿ."

ಅತ್ತೆ ಹೇಳಿದ್ದು ನಿಜ. ಭಾವ ಅಂಥದೇ ಕಂಪನಿಯಲ್ಲಿದ್ದ. ಅಲ್ಲಿ ಅವನು ಏನು ಮಾಡುತ್ತಾನೆಂದು ಮನೆಯಲ್ಲಿ ಯಾರಿಗೂ ಸರಿಯಾಗಿ ಗೊತ್ತಿರಲಿಲ್ಲ. ಲೆಕ್ಕದಲ್ಲಿ ಬುದ್ಧಿವಂತ, ದೊಡ್ಡ ಸಂಬಳ ಎಂಬಷ್ಟೇ ಎಲ್ಲರ ಬಾಯಲ್ಲಿ. ಭಾನುವಾರ ಅವಳು ಅಕ್ಕನ ಮನೆಗೆ ಹೋದಳು. ಊಟದ ನಡುವೆ ವಿಷಯ ತೆಗೆದಾಗ ಭಾವನ ಮುಖ ಅರಳಿತು. ಮನೆಮಂದಿ ತನ್ನ ಕೆಲಸದ ಬಗ್ಗೆ ಕೇಳಿದ್ದು ಇದೇ ಮೊದಲು.

"ನಾನು ಇರೋದೇ ಅಂಕ ಹಾಕೋ ಸೂತ್ರದ ವಿಭಾಗದಲ್ಲಿ," ಎಂದ. "ಕೇಳು. ಹೇಳಿದ ದಿನಕ್ಕೆ ಕಟ್ಟಿದ್ಯಾ ಅನ್ನೋದಕ್ಕೆ ದೊಡ್ಡ ಪಾಲು. ಕೊಟ್ಟ ಸಾಲದ ಮಿತಿಯಲ್ಲಿ ಎಷ್ಟು ಬಳಸಿದ್ಯಾ ಅನ್ನೋದಕ್ಕೆ ಒಂದು ಪಾಲು. ಖಾತೆ ಎಷ್ಟು ಹಳೇದು, ಎಷ್ಟು ಬಗೆಯ ಸಾಲ ಇದೆ, ಈಚೆಗೆ ಎಲ್ಲೆಲ್ಲಿ ಹೋಗಿ ಕೇಳಿದ್ಯಾ, ಇವೂ ಸೇರುತ್ತೆ. ಇಷ್ಟನ್ನ ನಾವೇ ಎಲ್ಲರಿಗೂ ಹೇಳ್ತೀವಿ."

"ಯಾವುದಕ್ಕೆ ಎಷ್ಟು ಅಂಕ?"

"ಅದು ಗುಟ್ಟು."

"ನನ್ನದು ಯಾಕೆ ಕಮ್ಮಿ ಭಾವ?"

"ನಿನ್ನ ಗಂಡನ ಕ್ರೆಡಿಟ್ ಕಾರ್ಡಿನಲ್ಲಿ ನಿನ್ನ ಹೆಸರೂ ಇತ್ತಲ್ಲ. ಅವನು ಹೋದಮೇಲೆ ಏನು ಮಾಡಿದೆ?"

"ಬಾಕಿ ಎಲ್ಲ ಕಟ್ಟಿ, ಕಾರ್ಡು ಕತ್ತರಿಸಿ ಬಿಸಾಕಿದೆ. ಋಣ ಯಾಕೆ ಇಟ್ಕೋಬೇಕು ಅಂತ."

ಭಾವ ನಾಲಿಗೆ ಲೊಚಗುಟ್ಟಿದ. "ಅಲ್ಲೇ ಎಡವಿದ್ದು. ನಿನ್ನ ಹಳೇ ಚರಿತ್ರೆ ಅದೊಂದೇ. ಅದು ಮುಚ್ಚಿಹೋಯ್ತು. ಈಗ ನೀನು ನಮ್ಮ ಕಣ್ಣಿಗೆ ನಿನ್ನೆ ಹುಟ್ಟಿದ ಕೂಸು. ಸಾಲ ಮಾಡದೋರು ನಮಗೆ ಕಾಣಿಸೋದೇ ಇಲ್ಲ."

ಗಂಡ ಆಸ್ಪತ್ರೆಯಲ್ಲಿ ತೀರಿಕೊಂಡ ವಾರವೇ ಅವಳು ಅತ್ತು ಊದಿದ ಮುಖ ಹೊತ್ತು ಬ್ಯಾಂಕಿಗೆ ಹೋಗಿ ಆ ಬಾಕಿಯನ್ನು ತೀರಿಸಿದ್ದಳು. ಈ ಮನುಷ್ಯ ಅದನ್ನೇ ಅವಳ ಎಡವಟ್ಟು ಎಂದು ಎಣಿಸಿಟ್ಟಿದ್ದಾನೆ. ಅದೂ ಎರಡನೇ ಸಲ ಅನ್ನ ಬಡಿಸಿಕೊಳ್ಳುತ್ತ.

"ನನ್ನ ಬಗ್ಗೆ ನೀವು ಹಾಕಿರೋ ಲೆಕ್ಕ ನನಗೇ ಯಾಕೆ ಗುಟ್ಟು?" ಎಂದಳು.

"ಹೇಳಿಬಿಟ್ರೆ ಜನ ಆಟ ಆಡ್ತಾರಮ್ಮ. ಕಟ್ಟೋ ಯೋಗ್ಯತೆ ಇಲ್ಲದೋನೂ ಸೂತ್ರ ನೋಡ್ಕೊಂಡು ಅಂಕ ಏರಿಸ್ಕೋತಾನೆ. ಆಮೇಲೆ ಅಂಕಕ್ಕೆ ಬೆಲೆ ಏನು? ಜೊತೆಗೆ ಬೇರೆ ಕಂಪನಿಯವರು ಕದೀತಾರೆ. ವರ್ಷಗಟ್ಟಲೆ ತಲೆ ಬಿಸಿ ಮಾಡ್ಕೊಂಡು ಕಟ್ಟಿದ್ದನ್ನ ಬೀದಿಯಲ್ಲಿ ಹಂಚೋಕಾಗುತ್ತಾ?"

ಮಾತು ನ್ಯಾಯವಾಗಿಯೇ ಕೇಳಿಸಿತು. ಹೊರಡುವಾಗ ಭಾವ ಗೇಟಿನವರೆಗೂ ಬಂದು ಒಂದು ಚೀಟಿ ಕೊಟ್ಟ. ಅದರಲ್ಲಿ ಒಂದು 'ಅಂಕ ಸುಧಾರಣಾ ಕೇಂದ್ರ'ದ ವಿಳಾಸವಿತ್ತು. "ನಾನು ಬಾಯಿ ಬಿಡೋ ಹಾಗಿಲ್ಲ. ಇಲ್ಲಿಗೆ ಹೋಗು, ದಾರಿ ತೋರಿಸ್ತಾರೆ," ಎಂದ.

ಕೇಂದ್ರ ಒಂದು ಚಪ್ಪಲಿ ಅಂಗಡಿಯ ಮೇಲಿತ್ತು. ಮೆಟ್ಟಿಲುದ್ದಕ್ಕೂ ರಬ್ಬರಿನ ವಾಸನೆ, ಒಳಗೆ ಅದನ್ನು ಮುಚ್ಚಲು ಸಿಂಪಡಿಸಿದ ಕೃತಕ ಹೂವಿನ ವಾಸನೆ. ಎರಡೂ ಸೇರಿ ಮೂಗಿಗೆ ಅಡರುತ್ತಿತ್ತು. ಪ್ಲಾಸ್ಟಿಕ್ ಕುರ್ಚಿಗಳ ತುಂಬ ಜನ. ಯಾರೂ ಒಬ್ಬರ ಮುಖ ಒಬ್ಬರು ನೋಡುತ್ತಿರಲಿಲ್ಲ. ಹೇಳಿಕೊಳ್ಳಬಾರದ ರೋಗಕ್ಕೆ ಔಷಧಿ ಕೇಳಲು ಬಂದವರ ಹಾಗೆ ನೆಲ ನೋಡುತ್ತ ಕೂತಿದ್ದರು. ಗಾಜಿನ ಮೇಜಿನ ಹಿಂದಿದ್ದ ಯುವತಿ ಅಚ್ಚಕ್ಕನ ಅಂಕ ತೆಗೆದು ನೋಡಿ ಪಟಪಟ ಹೇಳತೊಡಗಿದಳು.

"ನಿಮ್ಮ ಬ್ಯಾಂಕಲ್ಲೇ ಒಂದು ಠೇವಣಿ ಇಡಿ, ಅದರ ಮೇಲೆ ಕಾರ್ಡ್ ತಗೊಳ್ಳಿ. ಪ್ರತಿ ತಿಂಗಳೂ ಬಳಸಿ, ಆದ್ರೆ ಸ್ವಲ್ಪ ಮಾತ್ರ. ಪೂರ್ತಿ ಬಳಸಿದ್ರೆ ಪರದಾಡ್ತಿದೀರಿ ಅಂತ ಲೆಕ್ಕ, ಬಳಸದೇ ಇದ್ರೆ ನೀವು ಇಲ್ಲವೇ ಇಲ್ಲ ಅಂತ ಲೆಕ್ಕ. ಬಿಲ್ ಬಂದಮೇಲೆ ಪೂರ್ತಿ ಕಟ್ಟಿ, ಅದಕ್ಕೂ ಮೊದಲೇ ಕಟ್ಟಿಬಿಡಬೇಡಿ. ಕಂತಿನ ಮೇಲೆ ಒಂದು ಸಾಮಾನು ತಗೊಳ್ಳಿ."

"ಏನು ಸಾಮಾನು?"

"ಏನಾದ್ರೂ. ಟೀವಿ, ಫ್ರಿಜ್."

"ಮನೇಲಿ ಎರಡೂ ಇದೆ."

"ಇನ್ನೊಂದು ತಗೊಳ್ಳಿ ಮೇಡಂ. ಬೇಕು ಅಂತಲ್ಲ, ಸಾಲ ಬೇಕು ಅಂತ." ತಾನು ಹೇಳಿದ್ದರಲ್ಲಿ ನಗುವಂಥದ್ದೇನೂ ಇಲ್ಲ ಎಂಬ ಹಾಗಿತ್ತು ಯುವತಿಯ ಮುಖ. "ಆರು ತಿಂಗಳು ಯಾವ ಬ್ಯಾಂಕಿಗೂ ಹೋಗಬೇಡಿ. ಮಿತಿಯಲ್ಲಿ ನೂರಕ್ಕೆ ಎಷ್ಟು ಬಳಸಿದ್ರೆ ಅಂಕ ಜಾಸ್ತಿ ಏರುತ್ತೆ, ಯಾವ ತಾರೀಖಿಗೆ ಕಟ್ಟಬೇಕು, ಆ ನಿಖರ ಅಂಕಿ ಎಲ್ಲ ಫೀಸ್ ಕಟ್ಟಿದ ಮೇಲೆ."

"ಅಂಕ ಹಾಕೋರು ಹೇಳಲ್ಲ ಅಂತಾರೆ. ನಿಮಗೆ ಹೇಗೆ ಗೊತ್ತು?"

ಯುವತಿ ತಡವರಿಸಿದಳು. "ಅದನ್ನ ಒಳಗೆ ಮೇಡಂ ಹತ್ರ ಕೇಳಿ," ಎಂದು ಹಿಂದಿನ ಕ್ಯಾಬಿನ್ನಿನ ಬಾಗಿಲು ತೋರಿಸಿದಳು.

ಬಾಗಿಲು ತಳ್ಳಿದರೆ ಒಳಗೆ ಕೂತಿದ್ದವಳು ಅಕ್ಕ. ಸೊಂಟದ ನೋವಿಗೆ ವ್ಯಾಯಾಮದ ತರಗತಿಗೆ ಹೋಗುತ್ತೇನೆಂದು ಎರಡು ವರ್ಷದಿಂದ ಹೇಳುತ್ತಿದ್ದ ಅಕ್ಕ.

"ಓ, ಇವತ್ತೇ ಬಂದ್ಯಾ?" ಎಂದಳು ಅಕ್ಕ. ಒಂದು ಕ್ಷಣ ಮುಖ ಕೆಂಪಾಯಿತು, ಅಷ್ಟೇ. "ಬಾ, ಕೂತ್ಕೋ. ಅವರ ಹೆಸರಲ್ಲಿ ಮಾಡೋ ಹಾಗಿಲ್ಲ, ನೌಕರಿ ಇದೆಯಲ್ಲ. ಅದಕ್ಕೇ ನನ್ನ ಹೆಸರಲ್ಲಿ."

ಅಚ್ಚಕ್ಕ ಕೂರಲಿಲ್ಲ. "ಭಾವ ಗುಟ್ಟು ಅಂದ್ರಲ್ಲ."

"ಗುಟ್ಟೇ ಮತ್ತೆ. ಎಲ್ಲರಿಗೂ ಗೊತ್ತಾದ್ರೆ ಇಲ್ಲಿಗೆ ಯಾರು ಬರ್ತಾರೆ?"

"ಜನ ಆಟ ಆಡ್ತಾರೆ ಅಂದ್ರು. ಆಟ ಕಲಿಸೋ ಶಾಲೆ ನಡೆಸ್ತಿರೋರು ನೀವೇ."

"ದನಿ ತಗ್ಗಿಸೇ, ಹೊರಗೆ ಗಿರಾಕಿಗಳಿದಾರೆ. ನಿನ್ನ ಕೈಲಿ ಪೂರ್ತಿ ಫೀಸು ತಗೋತೀನಾ? ಒಡಹುಟ್ಟಿದೋಳು. ಅರ್ಧ ಕೊಡು ಸಾಕು."

ಆ 'ಅರ್ಧ' ಎಂಬ ಮಾತು ಕೇಳಿ ಅವಳು ಬಾಗಿಲ ಕಡೆ ತಿರುಗಿದಳು. ಪೂರ್ತಿ ಕೇಳಿದ್ದರೆ ಜಗಳವಾಡಬಹುದಿತ್ತು. ಬಿಟ್ಟಿಯಾಗಿ ಹೇಳಿದ್ದರೆ ಅತ್ತುಬಿಡಬಹುದಿತ್ತು. ಅಕ್ಕ ಕೂತು ಯೋಚಿಸಿ ತಂಗಿತನಕ್ಕೊಂದು ದರ ಕಟ್ಟಿದ್ದಳು. ಮೆಟ್ಟಿಲಿಳಿದು ಬೀದಿಗೆ ಬಂದ ಮೇಲೂ ಆ ಹೂವಿನ ವಾಸನೆ ಸೆರಗಿನಲ್ಲೇ ಕೂತಿತ್ತು.

ರಾತ್ರಿಯೆಲ್ಲ ಅತ್ತೆಯ ಜೊತೆ ಚರ್ಚೆಯಾಯಿತು. ಅತ್ತೆಗೆ ನಗುವೂ ಬರುತ್ತಿತ್ತು, ಕೋಪವೂ ಬರುತ್ತಿತ್ತು.

"ಕಂಪನಿಯವರಿಗೆ ಹೇಳಿದ್ರೆ ನಿನ್ನ ಭಾವನ ನೌಕರಿ ಹೋಗುತ್ತೆ. ಅಕ್ಕ ನಿನ್ನ ಮುಖ ನೋಡಲ್ಲ. ಯೋಚನೆ ಮಾಡು," ಎಂದಳು.

"ಆ ಕುರ್ಚಿಗಳಲ್ಲಿ ಕೂತಿದ್ದೋರನ್ನ ನೀವು ನೋಡಿಲ್ಲ ಅತ್ತೆ. ತಮ್ಮ ಲೆಕ್ಕ ತಾವು ತಿಳ್ಕೊಳೋಕೆ ಕಳ್ಳರ ಹಾಗೆ ಕೂತಿದ್ರು."

ಎರಡು ವಾರ ಹಿಂದುಮುಂದು ನೋಡಿ, ಕೊನೆಗೆ ಅವಳು ಭಾವನ ಕಂಪನಿಗೇ ಹೋದಳು. ಹೊಳೆಯುವ ನೆಲದ ಕಟ್ಟಡ. ಕೆಳಗಿನ ಹಜಾರದಲ್ಲಿ ಒಂದೂ ಕುರ್ಚಿಯಿಲ್ಲ. ದೂರು ಕೊಡುವವರು ಹೆಚ್ಚು ಹೊತ್ತು ನಿಲ್ಲದಿರಲಿ ಎಂದೇ ಹಾಗೆ ಮಾಡಿದ್ದರೋ ಏನೋ. ಕೊನೆಗೆ ದೂರಿನ ಅಧಿಕಾರಿಣಿ ಒಂದು ಸಣ್ಣ ಕೋಣೆಗೆ ಕರೆದುಕೊಂಡು ಹೋದಳು. ಅಚ್ಚಕ್ಕ ಭಾವನ ಹೆಸರನ್ನೂ ಕೇಂದ್ರದ ವಿಳಾಸವನ್ನೂ ಹೇಳಿದಳು. ಅಧಿಕಾರಿಣಿ ಗಂಭೀರವಾಗಿ ತಲೆಯಾಡಿಸಿದಳು.

"ಫೀಸ್ ಎಷ್ಟು ಅಂದ್ರು?"

ಅಚ್ಚಕ್ಕ ಹೇಳಿದಳು.

"ಎಷ್ಟು ಜನ ಕೂತಿದ್ರು?"

"ಕೋಣೆ ತುಂಬ ಇದ್ರು."

"ವಾರದ ದಿನದಲ್ಲೂ?" ಅಧಿಕಾರಿಣಿಯ ಹುಬ್ಬು ಮೇಲೇರಿತು. "ಒಂದೇ ಸಲ ಕಟ್ಟೋದಾ, ತಿಂಗಳು ತಿಂಗಳು ಕಟ್ಟೋದಾ?"

"ಅದು ನನಗೆ ಗೊತ್ತಿಲ್ಲ. ನನ್ನ ಅಂಕ ಯಾಕೆ ಇಷ್ಟಿದೆ ಅಂತ ನೀವಾದ್ರೂ ಹೇಳ್ತೀರಾ?"

"ಕ್ಷಮಿಸಿ, ಅದು ವ್ಯಾಪಾರದ ಗುಟ್ಟು," ಎಂದು ಅಧಿಕಾರಿಣಿ ಎದ್ದು ನಿಂತಳು. "ನಿಮ್ಮ ಮಾಹಿತಿ ತುಂಬ ಉಪಯುಕ್ತವಾಗಿದೆ. ವಿಚಾರಣೆ ನಡೆಸ್ತೀವಿ."

ತಿಂಗಳುಗಳು ಉರುಳಿದವು, ಯಾವ ಸುದ್ದಿಯೂ ಬರಲಿಲ್ಲ. ಈ ಕಡೆ ದೊಡ್ಡ ಕಂಪನಿಯವರು ಅಳತೆಪಟ್ಟಿ ಹಿಡಿದು ಲ್ಯಾಬಿಗೆ ಬಂದು, ಪಾಲಿಶ್ ಮಾವ ಕೂತಿದ್ದಂತೆಯೇ ಅವನ ಸ್ಟೂಲಿನ ಸುತ್ತ ನೆಲ ಅಳೆದು ಹೋದರು. "ನನ್ನನ್ನೂ ಅಳೆದು ಬಿಡ್ರಯ್ಯ, ಹೆಣದ ಪೆಟ್ಟಿಗೆ ಮಾಡಿಸೋಕೆ ಸುಲಭ ಆಗುತ್ತೆ," ಎಂದ ಅವನು.

ಅಷ್ಟರಲ್ಲಾಗಲೇ ಅಚ್ಚಕ್ಕ ಕಾರ್ಡು ಮಾಡಿಸಿಯಾಗಿತ್ತು. ದೂರು ಕೊಟ್ಟು ಬಂದ ವಾರವೇ, ಕೇಂದ್ರದ ಯುವತಿ ಬಿಟ್ಟಿಯಾಗಿ ಉದುರಿಸಿದ್ದನ್ನೆಲ್ಲ ನೆನಪು ಮಾಡಿಕೊಂಡು ಒಂದೊಂದಾಗಿ ಮಾಡತೊಡಗಿದ್ದಳು. ಬೇರೆ ದಾರಿ ಇರಲಿಲ್ಲ. ಸೋಪು, ಎಣ್ಣೆ ಕಾರ್ಡಿನಲ್ಲಿ ತಂದಳು. ಕೈಯಲ್ಲಿ ಹಣವಿದ್ದರೂ ಬಿಲ್ಲಿಗೆ ಕಾದಳು. ಕಂತಿನ ಮೇಲೆ ಫ್ರಿಜ್ಜೂ ಬಂತು. ಇದ್ದ ಫ್ರಿಜ್ಜು ಚೆನ್ನಾಗಿಯೇ ನಡೆಯುತ್ತಿದ್ದರಿಂದ ಹೊಸದಕ್ಕೆ ವಿದ್ಯುತ್ತನ್ನೂ ಕೊಡಲಿಲ್ಲ. ಅತ್ತೆ ಅದರಲ್ಲಿ ಹೊದಿಕೆಗಳನ್ನು ಮಡಿಸಿಟ್ಟಳು.

"ಯಾರಾದ್ರೂ ಬಂದ್ರೆ ಏನಂತ ಹೇಳ್ಲಿ? ಕಂಬಳಿ ಕೆಡದೇ ಇರಲಿ ಅಂತ ಇಟ್ಟಿದೀವಿ ಅನ್ಲಾ?"

"ನಾವು ನಂಬಿಕಸ್ತರು ಅಂತ ಹೇಳಿ ಅತ್ತೆ," ಎಂದಳು ಅಚ್ಚಕ್ಕ. ನಗಲು ಹೊರಟ ಬಾಯಿ ಸೊಟ್ಟಗಾಯಿತು.

ಅಂಕ ಏರಿತು. ಏರಿದಾಗಲೆಲ್ಲ ಫೋನಿನ ತೆರೆಯ ಮೇಲೆ ಬಣ್ಣದ ಚೂರುಗಳು ಉದುರಿ 'ಅಭಿನಂದನೆ' ಎಂದು ಬರುತ್ತಿತ್ತು. ಚಿಕ್ಕ ಮಕ್ಕಳ ಬೆನ್ನು ತಟ್ಟುವ ಆ ಧಾಟಿ ಕಂಡರೆ ಅವಳಿಗೆ ಮೈ ಪರಚಿಕೊಳ್ಳುವ ಹಾಗಾಗುತ್ತಿತ್ತು. ವರ್ಷದ ಕೊನೆಗೆ ಇನ್ನೇನು ಕೆಲವೇ ವಾರ ಇರುವಾಗ ಮೊದಲಿನ ಬ್ಯಾಂಕಿಗೇ ಹೋದಳು. ಅದೇ ಅಧಿಕಾರಿ. ಈ ಸಲ ತೆರೆಯನ್ನು ಅವನಾಗಿಯೇ ಅವಳ ಕಡೆ ತಿರುಗಿಸಿದ, ಕುರ್ಚಿ ಸರಿಸಿಕೊಟ್ಟ, ಕಾಫಿ ತರಿಸಿದ.

"ಎಷ್ಟು ಚೆನ್ನಾಗಿ ಸುಧಾರಿಸಿಕೊಂಡಿದೀರಿ ಮೇಡಂ!"

"ನಾನು ಏನೂ ಸುಧಾರಿಸಿಲ್ಲ," ಎಂದಳು ಅವಳು. "ಅದೇ ಸಂಬಳ, ಅದೇ ಮನೆ. ಆಗ ಸಾಲ ಇರಲಿಲ್ಲ, ಈಗ ಬೇಡದ ಸಾಲ ಇದೆ. ಅಷ್ಟೇ ವ್ಯತ್ಯಾಸ."

ಅಧಿಕಾರಿ ಹೆಹ್ಹೆ ಎಂದು ನಕ್ಕು, ಎಲ್ಲಿ ಸಹಿ ಹಾಕಬೇಕೆಂದು ಬೆರಳಿಟ್ಟು ತೋರಿಸಿದ. ಸಹಿ ಹಾಕಿ ಹೊರಗೆ ಬಂದಾಗ ಸಂತೋಷವಾಗಬೇಕಿತ್ತು. ಲ್ಯಾಬಿನವರ ನೌಕರಿ ಉಳಿದಿತ್ತು. ಆದರೆ ಬಾಯಲ್ಲಿ ಏನೋ ಹುಳಿ ಹುಳಿ. ಬಸ್ ನಿಲ್ದಾಣದ ನಲ್ಲಿಯಲ್ಲಿ ಎರಡು ಸಲ ಬಾಯಿ ಮುಕ್ಕಳಿಸಿದಳು.

ಲ್ಯಾಬು ಅವಳ ಹೆಸರಿಗೆ ಆದ ಮೇಲೆ ಒಂದು ಬೆಳಿಗ್ಗೆ ಫೋನಿಗೆ ಜಾಹೀರಾತು ಬಂತು. ಅಂಕದ ಕಂಪನಿಯೇ ಹೊಸ ಸೇವೆ ಶುರುಮಾಡಿತ್ತು: 'ನಿಮ್ಮ ಅಂಕವನ್ನು ನಮ್ಮ ತಜ್ಞರೇ ಏರಿಸಿಕೊಡುತ್ತಾರೆ.' ತಿಂಗಳಿಗೆ ಇಷ್ಟು ಎಂದು ಚಂದಾ. ಕೆಳಗೆ ಸೇವೆಯ ಮುಖ್ಯಸ್ಥನ ಚಿತ್ರ. ಕೋಟು ಹಾಕಿಕೊಂಡು, ಕೈ ಕಟ್ಟಿಕೊಂಡು, ಹಲ್ಲು ಬಿಟ್ಟು ನಿಂತಿದ್ದವನು ಭಾವ.

ಅವಳು ಅದನ್ನು ಇನ್ನೂ ನೋಡುತ್ತಿರುವಾಗಲೇ ಅಕ್ಕ ಸಿಹಿಯ ಡಬ್ಬಿ ಹಿಡಿದು ಲ್ಯಾಬಿಗೆ ಬಂದಳು.

"ದೂರು ಕೊಟ್ಟಿದ್ದು ನೀನೇ ಅಂತ ಗೊತ್ತಾಯ್ತು ಕಣೇ. ಮೊದಲ ವಾರ ನಾನು ಎಷ್ಟು ಅತ್ತಿದೀನಿ ಗೊತ್ತಾ? ಮನೆ ಸಾಲ ತಲೆ ಮೇಲಿದೆ, ಇವರ ನೌಕರಿ ಹೋದ್ರೆ ಬೀದಿಪಾಲು ಅಂತ. ಆಮೇಲೆ ಮೇಲಿನೋರು ಕರೆಸಿ, ಇಷ್ಟು ಗಿರಾಕಿ ಬರ್ತಾರಾ, ಹಾಗಾದ್ರೆ ನಾವೇ ಮಾಡೋಣ, ನೀನೇ ನಡೆಸು ಅಂದ್ರಂತೆ. ನೀನು ಬಾಯಿ ಬಿಡದೇ ಇದ್ದಿದ್ರೆ ಇವರಿಗೆ ಈ ಕುರ್ಚಿ ಸಿಗ್ತಿತ್ತಾ? ತಗೋ, ಬಾಯಿ ಸಿಹಿ ಮಾಡ್ಕೋ."

"ಸೂತ್ರ?" ಎಂದಳು ಅಚ್ಚಕ್ಕ.

"ಅದು ಗುಟ್ಟೇ. ಹೊಸ ವರ್ಷದಿಂದ ಅದನ್ನೂ ಬದಲಾಯಿಸ್ತಾರಂತೆ. ಹಳೇದು ತುಂಬ ಜನಕ್ಕೆ ಗೊತ್ತಾಗಿಬಿಟ್ಟಿದೆಯಲ್ಲ."

ಅಚ್ಚಕ್ಕ ಡಬ್ಬಿಗೆ ಕೈ ಚಾಚಲಿಲ್ಲ. ಅಕ್ಕನ ಮುಖದಲ್ಲಿ ಕಪಟವಿರಲಿಲ್ಲ. ನಿಜವಾಗಿಯೂ ಖುಷಿಯಾಗಿದ್ದಳು, ತಂಗಿಯೂ ಖುಷಿಪಡಲಿ ಎಂದೇ ಬಂದಿದ್ದಳು. ಅದೇ ಅಚ್ಚಕ್ಕನಿಗೆ ಇನ್ನೂ ಹೇಸಿಗೆ ಎನಿಸಿತು.

"ನಿನ್ನ ಮೇಲೆ ಕೋಪ ಇಲ್ಲ ಅಕ್ಕ," ಎಂದಳು. "ಆದ್ರೆ ಇದು ನನ್ನ ಗಂಟಲಲ್ಲಿ ಇಳಿಯಲ್ಲ. ಡಬ್ಬಿ ತಗೊಂಡು ಹೋಗು."

"ಅಷ್ಟೊಂದು ಜಂಬವಾ? ನಮ್ಮಿಂದಲೇ ತಾನೇ ನಿನಗೆ ಸಾಲ ಸಿಕ್ಕಿದ್ದು?"

"ಹೌದು. ಅದಕ್ಕೇ ವಾಕರಿಕೆ."

ಅಕ್ಕ ಡಬ್ಬಿಯನ್ನು ಎದೆಗವಚಿಕೊಂಡು ದಡದಡ ಹೊರಟುಹೋದಳು. ಆಮೇಲೆ ಅವಳು ಈ ಕಡೆ ತಲೆ ಹಾಕಲಿಲ್ಲ, ಫೋನೂ ಮಾಡಲಿಲ್ಲ.

ಪಾಲಿಶ್ ಮಾವ ಯಂತ್ರ ನಿಲ್ಲಿಸಿ ಎಲ್ಲವನ್ನೂ ಕೇಳಿಸಿಕೊಂಡಿದ್ದ. ಕನ್ನಡಕ ತೆಗೆದು ಪುಡಿ ಒರೆಸುತ್ತ ಹತ್ತಿರ ಬಂದ.

"ನನಗೂ ಹೋದ ತಿಂಗಳು ಇಲ್ಲ ಅಂದ್ರು ಅಚ್ಚಕ್ಕ. ಮಗಳ ನರ್ಸಿಂಗ್ ಓದಿಗೆ ಕೇಳಿದ್ದೆ. ಅಂಕ ಸಾಲದಂತೆ. ನಾಚ್ಕೊಂಡು ಯಾರಿಗೂ ಹೇಳ್ಲಿಲ್ಲ. ನಿಮಗೆ ಗೊತ್ತಿರೋದನ್ನ ನನಗೆ ಹೇಳ್ತೀರಾ?"

ಅಚ್ಚಕ್ಕ ಮೇಣ ಕರಗಿಸುವ ದೀಪ ಆರಿಸಿ ಎಲ್ಲರನ್ನೂ ಕರೆದಳು. ತನಗೆ ತಿಳಿದದ್ದನ್ನೆಲ್ಲ, ಹಳೆಯ ಕಾರ್ಡು ಮುಚ್ಚಬಾರದು ಎನ್ನುವುದರಿಂದ ಹಿಡಿದು ಕೇಳಿದಷ್ಟೂ ಅಂಕ ಇಳಿಯುತ್ತದೆ ಎನ್ನುವವರೆಗೆ, ಏನನ್ನೂ ಬಚ್ಚಿಡದೆ ಹೇಳಿದಳು. ಹೊಸ ವರ್ಷಕ್ಕೆ ಇದರಲ್ಲಿ ಎಷ್ಟು ನಿಜ ಉಳಿಯುತ್ತದೋ ತನಗೆ ಗೊತ್ತಿಲ್ಲ ಎಂದೂ ಹೇಳಿದಳು. ಹೇಳುತ್ತ ಹೋದಂತೆ ಆ ಗಾಜಿನ ಮೇಜಿನ ಹಿಂದಿನ ಯುವತಿಯ ಧಾಟಿಯೇ ತನ್ನ ಬಾಯಲ್ಲಿ ಬರುತ್ತಿರುವುದು ಗೊತ್ತಾಗಿ ನಡುವೆ ಒಮ್ಮೆ ಮಾತು ನಿಂತಿತು. ಆದರೂ ಮುಗಿಸಿದಳು.

"ಥೂ!" ಎಂದ ಪಾಲಿಶ್ ಮಾವ. "ಜನರ ಬಾಯೊಳಗಿನ ಹೊಲಸನ್ನ ಮೂವತ್ತು ವರ್ಷದಿಂದ ತಿಕ್ಕಿದೀನಿ. ಇಂಥದ್ದು ಕಂಡಿರಲಿಲ್ಲ."

ಕನ್ನಡಕವನ್ನು ಮತ್ತೆ ಮೂಗಿಗೇರಿಸಿಕೊಂಡ. ಆಮೇಲೆ ದನಿ ತಗ್ಗಿಸಿ ಕೇಳಿದ: "ಆ ಠೇವಣಿ ಮೇಲಿನ ಕಾರ್ಡು ಅಂದ್ರಲ್ಲ, ಅದಕ್ಕೆ ಬ್ಯಾಂಕಲ್ಲಿ ಯಾರನ್ನ ನೋಡ್ಬೇಕು?"

ಅಚ್ಚಕ್ಕ ಅವನಿಗೆ ಹೇಳಿದಳು, ಮತ್ತೆ ತನ್ನ ಮೇಜಿಗೆ ಹೋಗಿ ಕೂತಳು.